ಕಂಪ್ಯೂಟರ್ ಕಟ್ಟೆ: ವಿಂಡೋಸ್ 11 ಹಾಕಿಸಿದರೆ ಡ್ರೋನ್ ವಿಡಿಯೊ ಸಲೀಸಾಗುತ್ತಾ?

ಪ್ರಶ್ನೆ: ಮದುವೆ ಫೋಟೊ, ವಿಡಿಯೊ ಸ್ಟುಡಿಯೊ ನಡೆಸುತ್ತೇನೆ. ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್, ವಿಂಡೋಸ್ 10. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕೊಂಡಜ್ಜಿ ಕೆರೆ ಹತ್ತಿರ ತೆಗೆದ 4ಕೆ ಡ್ರೋನ್ ವಿಡಿಯೊ ಎಡಿಟಿಂಗ್‌ನಲ್ಲಿ ನಿಂತು ನಿಂತು ಓಡುತ್ತದೆ. ವಿಂಡೋಸ್ 11 ಹಾಕಿದರೆ ಸರಿಹೋಗುತ್ತೆ ಅಂತಾರೆ ಅಂಗಡಿಯವರು. ನಿಜವೇ?
– ಸ್ಟುಡಿಯೊ ಮಾಲೀಕರು, ದಾವಣಗೆರೆ

ಉತ್ತರ: ಆ ದುಡ್ಡು ಸದ್ಯ ಜೇಬಲ್ಲೇ ಇರಲಿ. ನಿಮ್ಮ ಡ್ರೋನ್ ಬಹುಶಃ ವಿಡಿಯೊವನ್ನು ಹಿಂಡಿ ಇಡುವ ಎಚ್.265 ವಿಧಾನದಲ್ಲಿ ರೆಕಾರ್ಡ್ ಮಾಡುತ್ತಿದೆ. ಫೈಲು ಚಿಕ್ಕದಾಗುತ್ತದೆ ನಿಜ, ಬಿಚ್ಚುವ ಕೆಲಸ ಮಾತ್ರ ಭಾರಿ. ಅದನ್ನು ಪೂರ್ತಿ ಬಿಚ್ಚುವ ವ್ಯವಸ್ಥೆಯನ್ನು ಇಂಟೆಲ್ ಚಿಪ್ಪಿನೊಳಗೇ ಇಟ್ಟಿದ್ದು 2015ರ ಆರನೇ ತಲೆಮಾರಿನಲ್ಲಿ. ಹೆಚ್ಚು ಬಣ್ಣದ ಛಾಯೆ ಹಿಡಿಯುವ 10 ಬಿಟ್ ವಿಡಿಯೊ ಆದರೆ ಏಳನೆಯದೇ ಬೇಕು. ನಿಮ್ಮ ನಾಲ್ಕನೇ ತಲೆಮಾರು ಬಂದದ್ದು 2013ರಲ್ಲಿ. ಚಿಪ್ಪಿನಲ್ಲೇ ಇಲ್ಲದ್ದನ್ನು ವಿಂಡೋಸ್ ಎಲ್ಲಿಂದ ತರಬೇಕು?

ಅಲ್ಲದೆ ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು, ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ. ತಪಾಸಣೆ ತಪ್ಪಿಸಿ ಹಾಕಲು ಬರುತ್ತದೆ, ಸುಳ್ಳಲ್ಲ. ಲಗ್ನದ ಸೀಸನ್ನಿನಲ್ಲಿ ಅಪ್‌ಡೇಟ್ ಕೈಕೊಟ್ಟರೆ ‘ಆಗುತ್ತೆ ಸಾರ್’ ಅಂದವರು ಫೋನ್ ಎತ್ತುತ್ತಾರಾ ನೋಡಿ.

ಮೊದಲು ಖರ್ಚಿಲ್ಲದ ದಾರಿ: ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಪ್ರಾಕ್ಸಿ ಮಾಡಿಕೊಳ್ಳಿ. ಸಣ್ಣ ಗಾತ್ರದ ನಕಲಿನ ಮೇಲೆ ಕತ್ತರಿ ಆಡಿಸುತ್ತೀರಿ, ಕೊನೆಗೆ ಅದು ಅಸಲಿ ಫೈಲಿನಿಂದಲೇ ವಿಡಿಯೊ ತಯಾರಿಸುತ್ತದೆ. ಡ್ರೋನ್ ಸೆಟ್ಟಿಂಗ್‌ನಲ್ಲಿ ಹಳೆಯ ಎಚ್.264 ವಿಧಾನ ಇದ್ದರೆ ಮುಂದಿನ ಶೂಟಿಂಗಿಗೆ ಅದನ್ನೇ ಆರಿಸಿ, ಅದನ್ನು ನಿಮ್ಮ ಚಿಪ್ಪು ತಾನೇ ಬಿಚ್ಚಬಲ್ಲದು. ದುಡ್ಡು ಹಾಕಲೇಬೇಕೆಂದರೆ ಹಾರ್ಡ್ ಡಿಸ್ಕಿಗಿಂತ ವೇಗವಾದ ಎಸ್‌ಎಸ್‌ಡಿ ಹಾಕಿಸಿ. ರ‍್ಯಾಮ್ ಒಂದೇ ಪಟ್ಟಿಯಿದ್ದರೆ ಅಷ್ಟೇ ಗಾತ್ರದ ಇನ್ನೊಂದನ್ನು ಜೋಡಿಸಿ. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ಎರವಲು ಪಡೆಯುವುದರಿಂದ ಜೋಡಿ ಪಟ್ಟಿಯಿಂದ ಅದಕ್ಕೂ ಲಾಭ. ಕ್ಯಾಬಿನೆಟ್ಟಿನ ಧೂಳನ್ನೂ ಊದಿಸಿ. ನಮ್ಮೂರ ಏಪ್ರಿಲ್ ಸೆಕೆಯಲ್ಲಿ ಬಿಸಿಯಾದ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದು ಸುರಕ್ಷತೆಯ ವಿಚಾರ, ವಿಡಿಯೊ ಓಟದ್ದಲ್ಲ. ಬ್ಯಾಂಕಿನ ವ್ಯವಹಾರವನ್ನು ಆ ಯಂತ್ರದಲ್ಲಿ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಮಗನ ಆಟ ಡೈರೆಕ್ಟ್‌ಎಕ್ಸ್ 12 ಕೇಳುತ್ತಿದೆ. ನಮ್ಮಲ್ಲಿರುವುದು ವಿಂಡೋಸ್ 7.
– ಓದುಗರು, ಚಿತ್ರದುರ್ಗ

ಉತ್ತರ: ನಿಮಗೆ ಮಾತ್ರ ವಿಂಡೋಸ್ ಬದಲಾಯಿಸಿ ಅಂತಲೇ ಹೇಳುತ್ತೇನೆ. ಆಟಗಳು ಗ್ರಾಫಿಕ್ಸ್ ಕಾರ್ಡನ್ನು ಬಳಸಿಕೊಳ್ಳಲು ನೆರವಾಗುವ ಡೈರೆಕ್ಟ್‌ಎಕ್ಸ್ 12 ಬಂದದ್ದೇ 2015ರಲ್ಲಿ, ವಿಂಡೋಸ್ 10ರ ಜೊತೆ. 7ಕ್ಕೆ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ, ಆಟಗಳನ್ನು ಮಾರುವ ತಾಣ ಸ್ಟೀಮ್ ಕೂಡ 2024ರಿಂದ ಅದನ್ನು ಬಿಟ್ಟಿದೆ. ಆದರೆ ನಿಮ್ಮ ಗ್ರಾಫಿಕ್ಸ್ ಕಾರ್ಡೂ ಡೈರೆಕ್ಟ್‌ಎಕ್ಸ್ 12ಕ್ಕೆ ಒಗ್ಗಬೇಕು. ಕಾರ್ಡಿನ ಮಾದರಿ ಸಂಖ್ಯೆ ಬರೆದು ಕಳಿಸಿ, ನೋಡಿ ಹೇಳುತ್ತೇನೆ. ಅಲ್ಲಿಯ ತನಕ ಏನನ್ನೂ ಕೊಳ್ಳಬೇಡಿ.