ಸಂಪಾದಕರ ಉತ್ತರ: ಬರದ ವರ್ಷ ಹುಟ್ಟಿದ ಅತ್ತೆ, ಹನ್ನೊಂದರ ಮಗಳು

ಮುಧೋಳ ತಾಲ್ಲೂಕಿನ ಹಳ್ಳಿಯಿಂದ ಬರೆದಿರುವ ತಾಯಿಗೆ,

ನಿಮ್ಮ ಪತ್ರ ಸೋಮವಾರದ ಅಂಚೆಯಲ್ಲಿ ಬಂತು. ಹೆಸರನ್ನೂ ಊರನ್ನೂ ಪ್ರಕಟಿಸಬೇಡಿ ಎಂದಿದ್ದೀರಿ, ಪ್ರಕಟಿಸುವುದಿಲ್ಲ. ಪತ್ರ ಎಂಟು ಪುಟವಿರುವುದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನು ಮಾತ್ರ ಹೇಳುತ್ತೇನೆ. ನಿಮ್ಮ ಹನ್ನೊಂದು ವರ್ಷದ ಮಗಳಿಗೆ ಎರಡು ವರ್ಷಗಳ ಹಿಂದೆ ಟೈಪ್ 1 ಮಧುಮೇಹ ಕಾಣಿಸಿಕೊಂಡಿತು. ಈಗ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಬಸುರಿಯಾಗಿದ್ದಾಗ ನೀವು ಹುಗ್ಗಿ, ಹೋಳಿಗೆ ಮಿತಿಮೀರಿ ತಿಂದದ್ದೇ ಕಾರಣ ಎಂದು ಅತ್ತೆ ದೂರುತ್ತಾರೆ. ಅವರಿಗೂ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ; ಅವರದು ಟೈಪ್ 2, ಅಂದರೆ ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಬಗೆ. ಶಾಲೆಯಲ್ಲಿ ರಕ್ತದ ಸಕ್ಕರೆ ಇಳಿದು ಮಗಳು ನಡುಗುತ್ತ ಗ್ಲೂಕೋಸ್ ಪುಡಿ ಬಾಯಿಗೆ ಹಾಕಿಕೊಂಡಾಗ ಶಿಕ್ಷಕರೊಬ್ಬರು ಡಬ್ಬಿ ಕಿತ್ತುಕೊಂಡು, ‘ಹೀಗೆ ತಿಂದಿದ್ದಕ್ಕೇ ನಿನಗೆ ಈ ಕಾಯಿಲೆ’ ಎಂದರು. ಅದೇ ವಾರ ನಮ್ಮ ನವೆಂಬರ್ ಸಂಚಿಕೆ ಮನೆಗೆ ಬಂತು. ಅದರಲ್ಲಿದ್ದ ಲೇಖನದ ಶೀರ್ಷಿಕೆ ‘ಬಾಯಿ ಕಟ್ಟದವರ ಕಾಯಿಲೆ’. ಕೊನೆಯ ಪುಟದಲ್ಲಿ ನೀವು ಕೇಳಿದ್ದು ಇಷ್ಟು: ‘ನನ್ನ ಮಗಳದು ತಾನಾಗಿ ಬಂದ ಕಾಯಿಲೆ, ಅತ್ತೆಯದು ತಿಂದು ತರಿಸಿಕೊಂಡ ಕಾಯಿಲೆ. ಎರಡಕ್ಕೂ ಒಂದೇ ಹೆಸರು ಬೇಡ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ.’

ಆ ಶೀರ್ಷಿಕೆ ಕೊಟ್ಟವನು ನಾನು. ಲೇಖನ ಬರೆದವರದಲ್ಲ ಆ ತಪ್ಪು. ನವೆಂಬರ್ 14 ವಿಶ್ವ ಮಧುಮೇಹ ದಿನ ಎಂದು ಅವಸರದಲ್ಲಿ ಆ ಪುಟ ಕಟ್ಟಿದೆವು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ ಅದು. ನಮ್ಮಲ್ಲಿ ಮಕ್ಕಳ ದಿನವೂ ಅದೇ. ಅಂಥ ದಿನಕ್ಕೆಂದು ಮಾಡಿದ ಎರಡು ಪುಟಗಳಲ್ಲಿ ಈ ಕಾಯಿಲೆ ಇರುವ ಮಕ್ಕಳ ಬಗ್ಗೆ ಒಂದು ಸಾಲೂ ಇರಲಿಲ್ಲ. ನಿಮ್ಮಲ್ಲಿ ಮತ್ತು ನಿಮ್ಮ ಮಗಳಲ್ಲಿ ಕ್ಷಮೆ ಕೇಳುತ್ತೇನೆ.

ಇನ್ನು ನಿಮ್ಮ ಮೇಲಿನ ಅಪವಾದ. ನೀವು ತಿಂದ ಹುಗ್ಗಿಗೂ ಮಗಳ ಕಾಯಿಲೆಗೂ ಸಂಬಂಧವಿಲ್ಲ. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿವೆ. ರೋಗಗಳಿಂದ ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಆ ಕೋಶಗಳನ್ನೇ ಶತ್ರುಗಳೆಂದು ತಿಳಿದು ನಾಶ ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತೇವಲ್ಲ, ಟೈಪ್ 1 ಎಂದರೆ ಅಕ್ಷರಶಃ ಅದು. ಬಾಯಾರಿಕೆ, ಪದೇ ಪದೇ ಮೂತ್ರ, ಕಣ್ಣೆದುರೇ ಇಳಿಯುವ ತೂಕ ಇವೆಲ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗೆ ಆ ಮೇಯುವಿಕೆ ಎಷ್ಟೋ ತಿಂಗಳು, ಒಮ್ಮೊಮ್ಮೆ ಎಷ್ಟೋ ವರ್ಷ ನಡೆದಿರುತ್ತದೆ. ಬೆಲ್ಲ ತಿಂದರೆ ಬರುವ ಕಾಯಿಲೆ ಇದಾಗಿದ್ದರೆ ಬೆಲ್ಲದ ಪೇಟೆಯಾದ ಮಹಾಲಿಂಗಪುರದಲ್ಲಿ, ಗಾಣಗಳ ಸುತ್ತ ಬೆಳೆದ ನಮ್ಮ ಮಕ್ಕಳಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಕಾಣಬೇಕಿತ್ತು. ಜನಸಂಖ್ಯೆಯ ಲೆಕ್ಕದಲ್ಲಿ ಮಕ್ಕಳಿಗೆ ಇದು ಅತಿ ಹೆಚ್ಚಾಗಿ ಬರುವುದು ಹಿಮದ ನಾಡಾದ ಫಿನ್‌ಲೆಂಡ್‌ನಲ್ಲಿ.

ಪತ್ರದ ಐದನೆಯ ಪುಟ ಓದುವಾಗ ನನಗೆ ಭಯವಾಯಿತು. ಸೂಜಿ ಬಿಡಿಸಿ ಹಾಗಲಕಾಯಿ ರಸ ಕುಡಿಸಿ, ಪಥ್ಯ ಮಾಡಿಸಿ ಎಂದು ಸಂಬಂಧಿಕರೊಬ್ಬರು ಒತ್ತಾಯಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಒಂದು ದಿನಕ್ಕೂ ಬಿಡಿಸಬೇಡಿ. ಇನ್ಸುಲಿನ್ ಬರುವ ಮೊದಲು ವೈದ್ಯರ ಬಳಿ ಇದ್ದದ್ದು ಪಥ್ಯವೊಂದೇ. ಮಕ್ಕಳನ್ನು ಹಸಿವಿನಲ್ಲಿಟ್ಟು ಕೆಲವು ತಿಂಗಳು ಉಸಿರು ಹಿಡಿದಿಡುತ್ತಿದ್ದರು. ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನನ್ನು ಆಸ್ಪತ್ರೆಗೆ ತಂದಾಗ ಅವನ ತೂಕ 30 ಕಿಲೋ ಕೂಡ ಇರಲಿಲ್ಲ. 1922ರ ಜನವರಿ 11ರಂದು ಅವನಿಗೆ ಚುಚ್ಚಿದ ಮೊದಲ ಮದ್ದು ಅಷ್ಟು ಶುದ್ಧವಾಗಿರಲಿಲ್ಲ, ಗುಣ ಕಾಣಲಿಲ್ಲ. ಶುದ್ಧಗೊಳಿಸಿದ ಇನ್ಸುಲಿನ್ ಅನ್ನು 23ರಂದು ಕೊಟ್ಟ ಮೇಲೆ ಹುಡುಗ ಚೇತರಿಸಿಕೊಂಡ. ಮತ್ತೆ 13 ವರ್ಷ ಬದುಕಿದ. ಹಾಗಲಕಾಯಿ ಪಲ್ಯವನ್ನು ನಿಮ್ಮ ಮಗಳು ಬೇಕಾದಷ್ಟು ತಿನ್ನಲಿ, ಆದರೆ ಇನ್ಸುಲಿನ್ ಅವಳಿಗೆ ಗಾಳಿ, ನೀರಿನಷ್ಟೇ ಅಗತ್ಯ. ಅದು ತಪ್ಪಿದರೆ ರಕ್ತ ಆಮ್ಲೀಯವಾಗಿ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಿ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ ಬರುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಇನ್ಸುಲಿನ್ ಅನ್ನು ಎಲ್ಲಿಡಬೇಕೆಂದೂ ಕೇಳಿದ್ದೀರಿ. ನೆರಳಿನಲ್ಲಿಟ್ಟ ಮಣ್ಣಿನ ಹರವಿಯಲ್ಲಿ ಸ್ವಲ್ಪ ನೀರು ಹಾಕಿ, ಒಳಗೆ ನೀರು ತಾಗದಂತೆ ಮುಚ್ಚಿದ ಡಬ್ಬಿಯಲ್ಲಿಡಿ. ಫ್ರಿಜ್ ಇಲ್ಲದ ಊರುಗಳಲ್ಲಿ ವೈದ್ಯರೇ ಹೇಳಿಕೊಡುವ ಉಪಾಯವಿದು.

ಶಾಲೆಯಲ್ಲಿ ಆದದ್ದು ಬರೀ ಅವಮಾನವಲ್ಲ, ಅಪಾಯ. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿನ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಆ ಗಳಿಗೆಯಲ್ಲಿ ಗ್ಲೂಕೋಸೇ ಔಷಧ. ಅದನ್ನು ಕಿತ್ತುಕೊಂಡರೆ ಮಗು ಪ್ರಜ್ಞೆ ತಪ್ಪಿ ಬೀಳಬಹುದು. ಆ ಶಿಕ್ಷಕರು ಕೆಟ್ಟವರೆಂದು ನಾನು ಭಾವಿಸುವುದಿಲ್ಲ. ಸಕ್ಕರೆ ಕಾಯಿಲೆ ಎಂಬ ಹೆಸರೇ ಅವರನ್ನು ದಾರಿ ತಪ್ಪಿಸಿದೆ. ಇಂಥ ಮಕ್ಕಳು ತರಗತಿಯಲ್ಲೂ ಪರೀಕ್ಷೆಯಲ್ಲೂ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ಚುಚ್ಚಿಕೊಳ್ಳಲು, ನಡುವೆ ತಿನ್ನಲು ಅವಕಾಶ ಕೊಡಬೇಕು ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲೇ ರಾಜ್ಯಗಳಿಗೆ ಬರೆದಿದೆ. ಈ ವಿಷಯವನ್ನು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೊಡಿ, ವೈದ್ಯರ ಚೀಟಿಯನ್ನೂ ಜೊತೆಗಿಡಿ. ಬೇಕೆಂದರೆ ನಾನೂ ಪತ್ರ ಬರೆಯುತ್ತೇನೆ.

ಇಲ್ಲಿಯವರೆಗೆ ನಾನು ನಿಮ್ಮ ಪಕ್ಷ. ನೀವು ಕೇಳಿದ ಆ ದಪ್ಪ ಅಕ್ಷರದ ಸಾಲನ್ನು ಮಾತ್ರ ಅಚ್ಚು ಹಾಕಲಾರೆ. ಎರಡು ಕಾಯಿಲೆ ಬೇರೆ ಬೇರೆ ಎಂಬುದು ನಿಜ, ಹಾಗೆಂದು ಎಷ್ಟು ಸಲ ಬೇಕಾದರೂ ಬರೆಯುತ್ತೇನೆ. ಆದರೆ ಮಗಳ ಹಣೆಯ ಮೇಲಿನ ಮಸಿಯನ್ನು ಒರೆಸಿ ಅದನ್ನೇ ಅತ್ತೆಯ ಹಣೆಗೆ ಹಚ್ಚಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಆ ಶಿಕ್ಷಕರು ಹೇಳಿದ ಮಾತನ್ನೇ ನಾವೂ ಹೇಳಿದಂತಾಗುತ್ತದೆ, ಬೇರೊಬ್ಬರಿಗೆ.

ನಿಮ್ಮ ಪತ್ರದಲ್ಲೇ ಒಂದು ಸಾಲಿದೆ. ಬಹುಶಃ ನೀವು ಅದನ್ನು ಯೋಚಿಸಿ ಬರೆದಿರಲಾರಿರಿ. ‘ಅತ್ತೆಗೆ ಹುಟ್ಟಿದ ತಾರೀಖು ಗೊತ್ತಿಲ್ಲ, 1972ರ ಬರದ ವರ್ಷ ಹುಟ್ಟಿದವರು, ಅವರವ್ವ ತುಂಬಿದ ಬಸುರಿಯಲ್ಲಿ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋಗುತ್ತಿದ್ದರಂತೆ’ ಎಂದು ಬರೆದಿದ್ದೀರಿ. ಈ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ ಹಾಲೆಂಡಿನ ಜನ ತಿಂಗಳುಗಟ್ಟಲೆ ಉಪವಾಸ ಬಿದ್ದರು. ಆ ಹಸಿವಿನ ದಿನಗಳಲ್ಲಿ ತಾಯಿಯ ಗರ್ಭದಲ್ಲಿದ್ದವರನ್ನು ಐವತ್ತರ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಗ್ಲೂಕೋಸನ್ನು ನಿಭಾಯಿಸುವ ಶಕ್ತಿ ಅವರಲ್ಲಿ ಕುಂದಿರುವುದು ಕಂಡಿತು. 1998ರಲ್ಲಿ ಅದು ಪ್ರಕಟವಾಯಿತು. ನಮ್ಮ ಪಕ್ಕದ ಪುಣೆಯಲ್ಲಿ ಡಾ. ಯಾಜ್ಞಿಕ್ ಮತ್ತು ಸಂಗಡಿಗರು ಸುತ್ತಲಿನ ಹಳ್ಳಿಗಳ ಕೂಸುಗಳನ್ನು ಅಳೆದರು. ಇಂಗ್ಲೆಂಡಿನ ಕೂಸು ಸರಾಸರಿ 3.5 ಕಿಲೋ ಇದ್ದರೆ ನಮ್ಮದು 2.7 ಕಿಲೋ. ಆದರೂ ನಮ್ಮ ಕೂಸಿನಲ್ಲಿ ಸ್ನಾಯು ಸೊರಗಿತ್ತು, ಕೊಬ್ಬು ಅಷ್ಟಾಗಿ ಸೊರಗಿರಲಿಲ್ಲ. ತೆಳ್ಳಗೆ ಕಾಣುವ ನಮ್ಮವರಿಗೆ ಬೇಗನೆ ಟೈಪ್ 2 ಬರುವುದರ ಬೇರು ಹೀಗೆ ಬಸಿರಿನವರೆಗೂ ಇಳಿದಿದೆ. ಹಸಿವಿನಿಂದಲೇ ಬರುವ ಇನ್ನೊಂದು ಬಗೆಯೂ ಇದೆ. ಅಪೌಷ್ಟಿಕತೆಗೆ ಸಂಬಂಧಿಸಿದ ಆ ಮಧುಮೇಹಕ್ಕೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2025ರಲ್ಲಿ ಟೈಪ್ 5 ಎಂಬ ಹೆಸರು ಕೊಟ್ಟಿತು.

ನಿಮ್ಮ ಅತ್ತೆಯ ಕಾಯಿಲೆಗೆ ಆ ಬರವೇ ಕಾರಣ ಎಂದು ನಾನು ಹೇಳಲಾರೆ. ಒಬ್ಬ ವ್ಯಕ್ತಿಯ ಬಗ್ಗೆ ಹಾಗೆ ಯಾರೂ ಹೇಳಲಾರರು. ‘ತಿಂದು ತರಿಸಿಕೊಂಡರು’ ಎಂದೂ ಹಾಗೆಯೇ ಯಾರೂ ಹೇಳಲಾರರು. ಟೈಪ್ 1ಕ್ಕಿಂತ ಟೈಪ್ 2 ಕುಟುಂಬದಲ್ಲಿ ಹೆಚ್ಚು ಹರಿದು ಬರುತ್ತದೆ ಎಂದರೆ ಬಹಳ ಜನ ನಂಬುವುದಿಲ್ಲ, ಆದರೆ ಅವಳಿಗಳ ಹಲವು ಅಧ್ಯಯನಗಳು ಅದನ್ನೇ ತೋರಿಸಿವೆ. ಊಟ, ತೂಕ, ನಡಿಗೆ ಮುಖ್ಯವಲ್ಲ ಎನ್ನುತ್ತಿಲ್ಲ, ಬಹಳ ಮುಖ್ಯ. ಚೆನ್ನೈನ ವೈದ್ಯರು ಕಾಯಿಲೆಯ ಹೊಸ್ತಿಲಲ್ಲಿದ್ದವರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ವಿಶೇಷ ಸಲಹೆಯಿಲ್ಲದೆ ಬಿಟ್ಟವರಲ್ಲಿ 100ಕ್ಕೆ 55 ಜನರಿಗೆ ಮಧುಮೇಹ ಬಂತು. ಊಟ ತಿದ್ದಿ, ನಡಿಗೆ ಹಿಡಿದವರ ಗುಂಪಿನಲ್ಲಿ ಅದು 39ಕ್ಕೆ ಇಳಿಯಿತು. ಎಷ್ಟೋ ಮನೆಗಳನ್ನು ಉಳಿಸುವ ಇಳಿಕೆ ಅದು. ಆದರೂ ಆ 39 ಜನರನ್ನು ಮರೆಯಬೇಡಿ. ಹೇಳಿದ ದಾರಿಗೆ ಬಂದ ಗುಂಪಿನಲ್ಲೇ ಇದ್ದ ಅವರಿಗೆ ಊರವರು ಏನು ಹೇಳಿರುತ್ತಾರೆ? ‘ಬಾಯಿ ಕಟ್ಟಲಿಲ್ಲ’ ಎಂದೇ ಹೇಳಿರುತ್ತಾರೆ.

ವೈದ್ಯರು ಇನ್ಸುಲಿನ್ ಶುರು ಮಾಡಬೇಕೆಂದು ಒಂದು ವರ್ಷದಿಂದ ಹೇಳುತ್ತಿದ್ದರೂ ಅತ್ತೆ ಒಪ್ಪುತ್ತಿಲ್ಲ, ‘ಸೂಜಿಗೆ ಬಂದಳು ಎಂದು ಜನ ಆಡಿಕೊಳ್ಳುತ್ತಾರೆ’ ಎನ್ನುತ್ತಾರೆ ಎಂದು ನೀವೇ ಬರೆದಿದ್ದೀರಿ. ಈ ಮಾತಿನ ಹಿಂದಿರುವುದು ನಮ್ಮ ಶೀರ್ಷಿಕೆಯ ಹಿಂದಿದ್ದ ನಂಬಿಕೆಯೇ. ಟೈಪ್ 2ರಲ್ಲಿ ಬೀಟಾ ಕೋಶಗಳ ಶಕ್ತಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಹೋಗುತ್ತದೆ. ಬ್ರಿಟನ್ನಿನಲ್ಲಿ ಎರಡು ದಶಕ ನಡೆದು 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಇದನ್ನು ಸ್ಪಷ್ಟಪಡಿಸಿದೆ. ಹತ್ತು ವರ್ಷದ ಮೇಲೆ ಮಾತ್ರೆ ಸಾಲದೆ ಇನ್ಸುಲಿನ್ ಬೇಕಾಯಿತೆಂದರೆ ಅದು ಕಾಯಿಲೆಯ ನಡೆ, ಯಾವ ತಪ್ಪಿಗೂ ಶಿಕ್ಷೆಯಲ್ಲ. ಇದನ್ನು ಅತ್ತೆಗೆ ನೀವು ಹೇಳಿದರೆ ಕೇಳಲಿಕ್ಕಿಲ್ಲ. ಮೊಮ್ಮಗಳು ಪಕ್ಕದಲ್ಲಿ ಕೂತು ಸೂಜಿ ಎಷ್ಟು ಚಿಕ್ಕದೆಂದು ತೋರಿಸಲಿ.

ಈ ಎಲ್ಲ ವಾದಕ್ಕಿಂತ ಅವಸರದ ಮಾತೊಂದು ಉಳಿದಿದೆ. ಏಳನೆಯ ಪುಟದ ಅಂಚಿನಲ್ಲಿ, ಅತ್ತೆಯ ಸಿಟ್ಟಿನ ಸ್ವಭಾವ ಹೇಳುತ್ತ, ಅವರ ಬಲಗಾಲಿನ ಹೆಬ್ಬೆರಳ ಕೆಳಗೆ ಹದಿನೈದು ದಿನದಿಂದ ಗಾಯವಿದೆ, ಅರಿಶಿನ ಹಚ್ಚಿ ಬಟ್ಟೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಕೇಳಿದರೆ ‘ನೋವೇ ಇಲ್ಲ’ ಎಂದು ಬೈಯುತ್ತಾರೆ ಎಂದಿದ್ದೀರಿ. ತಾಯಿ, ಹಳೆಯ ಸಕ್ಕರೆ ಕಾಯಿಲೆಯವರ ಪಾದದಲ್ಲಿ ಗಾಯವಿದ್ದೂ ನೋವಿಲ್ಲ ಎಂದರೆ ಅಲ್ಲಿಯ ನರಗಳು ಸ್ಪರ್ಶ ಕಳೆದುಕೊಂಡಿವೆ ಎಂದೇ ತಿಳಿಯಬೇಕು. ಕಾಲು ಕಳೆದುಕೊಂಡ ಎಷ್ಟೋ ಜನರ ಕಥೆ ಇಂಥ ನೋವಿಲ್ಲದ ಗಾಯದಿಂದಲೇ ಶುರುವಾಗಿದೆ. ಅವರು ದವಾಖಾನೆಗೆ ಹೋಗದಿರುವುದು ಮೊಂಡುತನದಿಂದ ಎಂದು ನೀವು ತಿಳಿದಿದ್ದೀರಿ. ಅಲ್ಲಿ ಮತ್ತೆ ಬೈಗುಳ ಕೇಳಬೇಕಲ್ಲ ಎಂಬ ಸಂಕೋಚವೂ ಇರಬಹುದು. ಮಗಳ ಮುಂದಿನ ತಪಾಸಣೆಗೆ ಬಾಗಲಕೋಟೆಗೆ ಹೋಗುವ ದಿನದವರೆಗೆ ಕಾಯಬೇಡಿ. ಈ ಪತ್ರ ನಿಮ್ಮ ಕೈ ಸೇರಿದ ಮರುದಿನವೇ, ಗಾಯದ ಮೇಲೆ ಸ್ವಚ್ಛ ಬಟ್ಟೆ ಕಟ್ಟಿ, ಮೆತ್ತನೆಯ ಚಪ್ಪಲಿ ಹಾಕಿಸಿ, ಮುಧೋಳದ ಸರ್ಕಾರಿ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋಗಿ. ಸಂಚಿಕೆ ಅಚ್ಚಾಗಲು ತಡವಾಗುತ್ತದೆಂದು ಈ ಉತ್ತರದ ಪ್ರತಿಯನ್ನು ಇಂದೇ ಅಂಚೆಗೆ ಹಾಕಿಸುತ್ತಿದ್ದೇನೆ.

— ಸಂಪಾದಕ