ಜಾಥಾ ಊರಿಗೆ ಬಂತು, ಚಿಕಿತ್ಸೆ ಯಾಕೆ ಬರಲಿಲ್ಲ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರದಲ್ಲಿ ಏನಿದೆ ಅಂತ ಉಳಿದ ಓದುಗರಿಗೂ ಗೊತ್ತಾಗಲಿ. ಜೂನ್ 26ರಂದು ನಿಮ್ಮ ಶಾಲೆಯಲ್ಲಿ ಮಾದಕ ವಸ್ತು ವಿರೋಧಿ ದಿನದ ಜಾಥಾ ನಡೆಯಿತು. ಅದೇ ವಾರ ನಿಮ್ಮ ತಮ್ಮ ಹಟ ಹಿಡಿದು ಒಮ್ಮೆಲೇ ಕುಡಿತ ನಿಲ್ಲಿಸಿದರು. ಎರಡನೇ ರಾತ್ರಿ ಫಿಟ್ಸ್ ಬಂತು. ತಾಲ್ಲೂಕು ಆಸ್ಪತ್ರೆಯವರು ಗ್ಲೂಕೋಸ್ ಹಾಕಿ, ಜಿಲ್ಲೆಗೆ ಹೋಗಿ ಅಂದರು. ಅಲ್ಲಿ ಬೆಡ್ ಇರಲಿಲ್ಲ. ವ್ಯಸನಮುಕ್ತಿ ಕೇಂದ್ರದವರು, ಮೊದಲು ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬನ್ನಿ ಅಂದರು. ತಮ್ಮ ಮತ್ತೆ ಕುಡಿಯುತ್ತಿದ್ದಾರೆ. "ಇಷ್ಟೆಲ್ಲಾ ಯೋಜನೆ ಇದ್ದೂ ನಾವು ಯಾರನ್ನು ಕೇಳಬೇಕು?" ಅಂತ ಬರೆದಿದ್ದೀರಿ.

ಈ ಅಲೆದಾಟದ ಬೇರು ದೆಹಲಿಯಲ್ಲೇ ಇದೆ. 1985ರ ಮಾದಕ ವಸ್ತು ಕಾಯ್ದೆ ಹಣಕಾಸು ಸಚಿವಾಲಯದ್ದು. ಮಾದಕ ವಸ್ತು ಕಳ್ಳಸಾಗಣೆ ಹಿಡಿಯುವ ಕೇಂದ್ರ ಸಂಸ್ಥೆ ಎನ್‌ಸಿಬಿ ಗೃಹ ಸಚಿವಾಲಯದ್ದು. ವ್ಯಸನಮುಕ್ತಿ ಕೇಂದ್ರಗಳಿಗೆ ಅನುದಾನ ಕೊಡುವುದು ಸಾಮಾಜಿಕ ನ್ಯಾಯ ಸಚಿವಾಲಯ. 2020ರಲ್ಲಿ 272 ಜಿಲ್ಲೆಗಳಲ್ಲಿ ಶುರುವಾದ ನಶಾಮುಕ್ತ ಭಾರತ ಅಭಿಯಾನವೂ ಅದರದ್ದೇ. ಆಸ್ಪತ್ರೆ ಆರೋಗ್ಯ ಇಲಾಖೆಯದ್ದು. ಮದ್ಯವಂತೂ ರಾಜ್ಯಪಟ್ಟಿಯ ವಿಷಯ. 2025-26ರ ನಮ್ಮ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ 40,000 ಕೋಟಿ ರೂಪಾಯಿ ಆದಾಯದ ಗುರಿ ಕೊಟ್ಟಿದ್ದರು. ಕುಡಿತ ಬಿಡಿಸುವ ಕೆಲಸಕ್ಕೂ ಅಷ್ಟೇ ಗಟ್ಟಿ ಗುರಿ ಬೇಕು, ಅಲ್ವಾ? 2019ರಲ್ಲಿ ಹೊರಬಂದ ಏಮ್ಸ್ ಸಮೀಕ್ಷೆಯ ಪ್ರಕಾರ, ಮದ್ಯವಿಲ್ಲದೆ ಇರಲಾಗದ ಸ್ಥಿತಿ ತಲುಪಿದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾದವರು 180ಕ್ಕೆ ಒಬ್ಬರು. ಓದಿದಾಗಲೆಲ್ಲ ಸಂಕಟವಾಗುತ್ತದೆ.

ನಿಮ್ಮ ತಮ್ಮನಿಗೆ ಆದದ್ದು ವೈದ್ಯರಿಗೆ ಅಪರೂಪದ ವಿಷಯವಲ್ಲ. ವರ್ಷಗಟ್ಟಲೆ ಜಾಸ್ತಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ನಿದ್ದೆ ಹತ್ತುವುದಿಲ್ಲ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದ ಹಾಗೆ ಇಲ್ಲದ್ದೆಲ್ಲ ಕಾಣಿಸುತ್ತದೆ. ಆ ಹೊತ್ತಿಗೆ ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಬೇಕಾದ ಔಷಧಿ ದುಬಾರಿಯಲ್ಲ: ಡಯಾಜೆಪಾಮ್ ಅಥವಾ ಲೊರಾಜೆಪಾಮ್, ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗುವ ಅಪಾಯವಿದೆ.

ತರಬೇತಿ ಪಡೆದ ವೈದ್ಯರಿದ್ದರೆ ಇಂಥ ಎಷ್ಟೋ ರೋಗಿಗಳನ್ನು ತಾಲ್ಲೂಕಿನಲ್ಲೇ ನೋಡಬಹುದು. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮಾನಸಿಕ ಕಾಯಿಲೆ ಗುರುತಿಸಿ ಔಷಧಿ ಕೊಡುವುದನ್ನು ಕಲಿಸಿದ್ದರು. ಆ ಮಾದರಿಯನ್ನೇ ಹಿಡಿದು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಈಗ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಕ್ಲಿನಿಕ್ ಇದೆ. ಒಳ್ಳೆಯದೇ. ಆದರೆ ಶುಕ್ರವಾರ ರಾತ್ರಿ ಫಿಟ್ಸ್ ಬಂದವರು ಮಂಗಳವಾರದ ತನಕ ಕಾಯಲಾಗುವುದಿಲ್ಲ.

ಇನ್ನು ಯಾರನ್ನು ಕೇಳಬೇಕು ಅನ್ನುವುದಕ್ಕೆ ಬರುತ್ತೇನೆ. ಜಿಲ್ಲಾಧಿಕಾರಿಯವರನ್ನು ಕೇಳಿ. ನಶಾಮುಕ್ತ ಅಭಿಯಾನದ ಜಿಲ್ಲಾ ಸಮಿತಿಗೂ ಅವರೇ ಅಧ್ಯಕ್ಷರು, ಕಳ್ಳಸಾಗಣೆ ತಡೆಯುವ ಎನ್‌ಕಾರ್ಡ್ ಜಿಲ್ಲಾ ಸಮಿತಿಗೂ ಅವರೇ. ಪೊಲೀಸ್, ಆರೋಗ್ಯ, ಅಬಕಾರಿ ಅಧಿಕಾರಿಗಳನ್ನು ಒಂದೇ ಮೇಜಿಗೆ ಕರೆಯಬಲ್ಲವರು ಜಿಲ್ಲೆಯಲ್ಲಿ ಅವರೊಬ್ಬರೇ. ಊರವರ ಸಹಿ ಹಾಕಿಸಿ ಅರ್ಜಿ ಕೊಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇದಕ್ಕೇ ಅಂತ ಎರಡು ಬೆಡ್ ಕೇಳಿ. ಅದಕ್ಕಿಂತ ಮುಖ್ಯವಾಗಿ, ಆಸ್ಪತ್ರೆಗೂ ವ್ಯಸನಮುಕ್ತಿ ಕೇಂದ್ರಕ್ಕೂ ನಡುವೆ ಫೋನ್ ಮಾಡಿ ಜಾಗ ಗೊತ್ತುಮಾಡುವ, ಮನೆಗೆ ಬಂದ ಮೇಲೂ ವಿಚಾರಿಸುವ ಒಬ್ಬ ವ್ಯಕ್ತಿಯನ್ನು ಕೇಳಿ. ಈಗ ಆ ಕೆಲಸ ಯಾರದ್ದೂ ಅಲ್ಲ. ನಿಮ್ಮಂಥ ಮನೆಯವರು ರೋಗಿಯನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಓಡಾಡಿ ಮಾಡುತ್ತಿದ್ದೀರಿ. ಅರ್ಜಿಯ ಪ್ರತಿ ನಮಗೂ ಕಳಿಸಿ, ಪ್ರಕಟಿಸುತ್ತೇವೆ.

ಅಲ್ಲಿಯವರೆಗೆ ತಮ್ಮನನ್ನು ಸುಮ್ನೆ ಬೈಯಬೇಡಿ. ಮತ್ತೆ ಕುಡಿದದ್ದು ಈ ಕಾಯಿಲೆಯಲ್ಲಿ ಮಾಮೂಲು. ಈ ಸಲ ಮಾತ್ರ ವೈದ್ಯರಿಲ್ಲದೆ ನಿಲ್ಲಿಸಲು ಬಿಡಬೇಡಿ. ಒಮ್ಮೆ ಫಿಟ್ಸ್ ಬಂದಿದೆ ಅನ್ನುವುದನ್ನು ಮೊದಲೇ ಹೇಳಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಮುಕ್ತಿ ಸಹಾಯವಾಣಿ 14446.

— ಸಂಪಾದಕ