ಬೇರೆ ಬೇರೆ ಹೊತ್ತಿಗೆ ಉಂಡರೆ ತಪ್ಪೇನು?

ಓದುಗರೊಬ್ಬರ ಪ್ರಶ್ನೆ: ‘ಯಜಮಾನರು ಮನೆಗೆ ಬರುವುದು ರಾತ್ರಿ ಹತ್ತಕ್ಕೆ. ಮಗಳಿಗೆ ಟ್ಯೂಷನ್. ಮಗ ತಟ್ಟೆ ಹಿಡಿದುಕೊಂಡು ಕೋಣೆ ಸೇರಿ ಮೊಬೈಲ್ ನೋಡುತ್ತಾ ತಿನ್ನುತ್ತಾನೆ. ಎಲ್ಲರ ಹೊಟ್ಟೆಯೂ ತುಂಬುತ್ತಿದೆ. ಒಟ್ಟಿಗೆ ಕೂತೇ ಉಣ್ಣಬೇಕು ಅನ್ನುವುದು ಸುಮ್ನೆ ಹಳೇ ಕಾಲದ ಹಂಬಲವಾ?’

ಸಂಪಾದಕರ ಉತ್ತರ: ಹಂಬಲ ಸ್ವಲ್ಪ ಇದೆ, ಇಲ್ಲ ಅನ್ನಲಾರೆ. ಆದರೆ ಹೊಟ್ಟೆಯ ವಿಷಯ ಪಕ್ಕಕ್ಕಿಡೋಣ. ಒಟ್ಟಿಗೆ ಕೂರಲು ಊಟ ಒಂದು ನೆಪ, ಅಷ್ಟೆ. ಅಲ್ಲಿ ಬೇಕಾಗಿರುವುದು ಮಾತು.

ಮಗುವನ್ನು ಎದುರಿಗೆ ಕೂರಿಸಿಕೊಂಡು ‘ಇವತ್ತು ಸ್ಕೂಲಲ್ಲಿ ಏನಾಯ್ತು’ ಅಂತ ಕೇಳಿ ನೋಡಿ. ‘ಏನಿಲ್ಲ’ ಅನ್ನುತ್ತೆ. ಅದೇ ಮಗು ಊಟದ ನಡುವೆ, ಬೇಡದ ತರಕಾರಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಾ, ಯಾರ ಮುಖವನ್ನೂ ನೋಡದೆ, ‘ನಾನೀಗ ಕೊನೇ ಬೆಂಚಲ್ಲಿ ಒಬ್ಬನೇ ಕೂರ್ತೀನಿ’ ಅಂದುಬಿಡುತ್ತೆ. ಕೈಗೆ ಕೆಲಸ ಇದ್ದಾಗ ಬಾಯಿ ತಾನಾಗಿ ಸಡಿಲವಾಗುತ್ತೆ. ಇಂಥ ಮಾತನ್ನು ಕೇಳಿ ಪಡೆಯಲು ಆಗಲ್ಲ. ಅದು ಬರುವ ಹೊತ್ತಿಗೆ ನಾವು ಅಲ್ಲಿರಬೇಕು.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ 2001ರಲ್ಲಿ ಕೆಲವು ಮನೆಗಳ ಊಟದ ಹೊತ್ತಿನ ಮಾತುಕತೆ ರೆಕಾರ್ಡ್ ಮಾಡಿದರು. ಮಕ್ಕಳಿಗೆ 20 ಪ್ರಶ್ನೆಗಳನ್ನೂ ಕೊಟ್ಟರು. ಅಜ್ಜ ಅಜ್ಜಿ ಬೆಳೆದಿದ್ದು ಎಲ್ಲಿ ಗೊತ್ತಾ? ಅಪ್ಪ ಅಮ್ಮನ ಪರಿಚಯ ಆಗಿದ್ದು ಹೇಗೆ ಗೊತ್ತಾ? ಹೀಗೆ. ಮನೆಯ ಕಥೆ ಜಾಸ್ತಿ ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಮೇಲಿನ ನಂಬಿಕೆಯೂ ಜಾಸ್ತಿ ಕಂಡಿತು. ಹಾಗಂತ ಉತ್ತರಗಳನ್ನು ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ. ಇದನ್ನು ಡ್ಯೂಕ್ ಅವರೇ ಹೇಳಿದ್ದಾರೆ. ಆ ಕಥೆಗಳು ಕೂತು ಹರಟುವಾಗ ಕಿವಿಗೆ ಬೀಳಬೇಕು.

ಇನ್ನು, ಒಟ್ಟಿಗೆ ಉಂಡರೆ ಮಕ್ಕಳು ಓದಿನಲ್ಲಿ ಮುಂದೆ ಬರುತ್ತಾರೆ, ಕೆಟ್ಟ ಚಟಕ್ಕೆ ಬೀಳಲ್ಲ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತೆ. ಅಷ್ಟು ಸಲೀಸಲ್ಲ. ಸಂಜೆ ಬಿಡುವಿರುವ, ಕೈಯಲ್ಲಿ ನಾಲ್ಕು ಕಾಸಿರುವ ಮನೆಯವರಿಗೇ ತಾನೇ ಒಟ್ಟಿಗೆ ಕೂರುವುದು ಸುಲಭ? ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೆಲ್ಲಿ ಮ್ಯೂಸಿಕ್ ಮತ್ತು ಆನ್ ಮೈಯರ್ 2012ರಲ್ಲಿ ಇಂಥ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ ಊಟದ ಪಾಲಿನ ಲಾಭ ಸಾಕಷ್ಟು ಇಳಿಯಿತು. ಹಾಗಾಗಿ ಶಿಫ್ಟ್ ಕೆಲಸದ ಮನೆಯವರು ಮಕ್ಕಳ ಭವಿಷ್ಯ ಹಾಳಾಯ್ತು ಅಂತ ಕೊರಗಬೇಕಾಗಿಲ್ಲ.

ದೊಡ್ಡವರ ಕಡೆಯಿಂದಲೂ ನೋಡಿ. 2025ರ ವಿಶ್ವ ಸಂತೋಷ ವರದಿಯ ಪ್ರಕಾರ, 2023ರಲ್ಲಿ ಅಮೆರಿಕದ ನಾಲ್ವರಲ್ಲಿ ಸುಮಾರು ಒಬ್ಬರು ಹಿಂದಿನ ದಿನದ ಎಲ್ಲ ಊಟವನ್ನೂ ಒಬ್ಬರೇ ಮಾಡಿದ್ದರು. 2003ಕ್ಕಿಂತ ಇದು ಶೇ 53ರಷ್ಟು ಜಾಸ್ತಿ. ನಿಮ್ಮ ಮನೆಯಲ್ಲಿ ಹತ್ತು ಗಂಟೆಗೆ ಬಂದು ಒಬ್ಬರೇ ಉಣ್ಣುವವರು ಯಾರು, ಹೇಳಿ? ಅವರು ಉಣ್ಣುವಾಗ ನೀವು ಪಕ್ಕದಲ್ಲಿ ಸುಮ್ನೆ ಕೂತರೂ ಸಾಕು.

ಇಡೀ ಮನೆ ಸೇರುವುದಕ್ಕೆ ರಾತ್ರಿ ಊಟವೇ ಆಗಬೇಕಿಲ್ಲ. ರಜೆಯ ದಿನದ ತಿಂಡಿಯೂ ನಡೆಯುತ್ತೆ. ಅಲ್ಲಿ ಮಾರ್ಕ್ಸ್ ಕಾರ್ಡಿನ ವಿಚಾರಣೆ ಬೇಡ. ಮಗ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗಲು ಅದೊಂದೇ ಕಾರಣ ಸಾಕು. ನೀವೂ ಕೂರಬೇಕು. ಉಳಿದವರಿಗೆ ಬಡಿಸುತ್ತಾ ಅಡುಗೆಮನೆಗೂ ಟೇಬಲಿಗೂ ಓಡಾಡುತ್ತಿದ್ದರೆ ಒಟ್ಟಿಗೆ ಉಂಡ ಹಾಗಾಗಲಿಲ್ಲ, ಅಲ್ವಾ? ಪಾತ್ರೆಗಳನ್ನು ಮಧ್ಯದಲ್ಲಿಟ್ಟುಬಿಡಿ, ಬೇಕಾದವರು ಬಡಿಸಿಕೊಳ್ಳಲಿ.

ಮೊಬೈಲ್ ಆಚೆ ಇರಲಿ, ಮಗನದ್ದು ಮಾತ್ರ ಅಲ್ಲ. ಯಜಮಾನರ ಆಫೀಸ್ ಕರೆಗೂ ಇದೇ ಕಾನೂನು. ಅದನ್ನು ಅವರಿಗೆ ಹೇಳುವುದು ಕಷ್ಟ ಅನ್ನಿಸಿದರೆ ಈ ಪುಟ ಮುಂದಿಡಿ, ಬೈಗುಳ ನಮಗೇ ಬರಲಿ.